ಗುಂಡಿ ಮತ್ತು ಕಾಜ

ಕೌಲ್ ಬಜಾರಿನ ಒಳಓಣಿ, ಷಟರ್ ಅರ್ಧ ಎತ್ತಿದ
ಈ ಕೋಣೆಗೆ ಕಿಟಕಿಯೇ ಇಲ್ಲ.
ಹನ್ನೊಂದು ಮಷೀನು, ಒಂದು ಫ್ಯಾನು,
ಮೂಗಿನ ತುಂಬ ನೀಲಿ ಧೂಳು.
ಸಂಜೆ ಸೀನಿದರೆ ಕರವಸ್ತ್ರದ ಮೇಲೆ ಜೀನ್ಸು.

ನಾನಿಲ್ಲಿ ಲೆಕ್ಕದ ಹುಡುಗಿ.
ಜೇಬಿಗೆ ಮೂರು ರೂಪಾಯಿ, ಬೆಲ್ಟಿಗೆ ಎರಡು,
ಕಾಜಕ್ಕೆ ಒಂದು.
ದೀಪ ಹಚ್ಚುವ ಹೊತ್ತಿಗೆ ಜಗಳ:
ಹೊನ್ನೂರಬಿ ಇನ್ನೂರಾ ಹನ್ನೆರಡು ಅಂತಾಳೆ,
ಚೀಟಿ ನೂರಾ ತೊಂಬತ್ತೆಂಟು ಅನ್ನುತ್ತದೆ.
ಹದಿನಾಲ್ಕು ಕಾಜ ಎಲ್ಲಿ ಹೋದವು?
ತೂತನ್ನೂ ಕದಿಯುತ್ತಾರೆಯೇ ಯಾರಾದರೂ?

ಅದಕ್ಕೇ ಕೂತೆ. ಎರಡು ಕೀಲಿ ಕಿತ್ತುಹೋದ ಲ್ಯಾಪ್‌ಟಾಪು,
ಅವ್ವ ರೊಟ್ಟಿ ಬಡಿಯುವ ಸದ್ದು ನಿಂತ ಮೇಲೆ
ಪೈಥಾನಿನ ಹತ್ತಿರ ಒಂದು ಕಿಟಕಿ ಕೇಳಿದೆ.
ಕೊಟ್ಟಿತು.
ರೆಪ್ಪೆ ಬಡಿಯುವುದರೊಳಗೆ ಮುಚ್ಚಿಕೊಂಡಿತು.
ಮೂರು ರಾತ್ರಿ ಇದೇ ಆಟ.
ಆಮೇಲೆ ತಿಳಿಯಿತು, ತೆರೆ ಅಂದರೆ ಸಾಲದು,
ಕಾಯುತ್ತ ಕೂಡು ಅಂತಲೂ ಹೇಳಬೇಕು.
ಕಟ್ಟಕಡೆಗೆ ಒಂದೇ ಒಂದು ಸಾಲು;
ಅಷ್ಟಕ್ಕೆ ಕೂತುಬಿಟ್ಟಿತು
ರಾಯಲ್ ಸರ್ಕಲ್ಲಿನ ಕೊನೇ ಆಟೋದವನ ಹಾಗೆ,
ಯಾರಾದರೂ ಮುಟ್ಟುವ ತನಕ
ಏನೂ ಮಾಡದೆ, ನಿದ್ದೆಯನ್ನೂ ಮಾಡದೆ.

ಹೆಸರು ಬರೆದೆ. ಹೊನ್ನೂರಬಿ ಇರಬೇಕಾದಲ್ಲಿ
ನಾಲ್ಕೈದು ಖಾಲಿ ಚೌಕ.
ಕನ್ನಡದ ಫಾಂಟು ಹುಡುಕಿ ಕೊಟ್ಟೆ, ಅಕ್ಷರ ಬಂದವು.
ಒತ್ತಕ್ಷರ ಮಾತ್ರ ತನ್ನ ಜಾಗ ಬಿಟ್ಟು
ಪಕ್ಕಕ್ಕೆ ಸರಿದು ನಿಂತಿತ್ತು,
ಮೊದಲ ದಿನ ಕೆಲಸಕ್ಕೆ ಬಂದವಳಂತೆ.

ಆಮೇಲೆ ಗುಂಡಿ. ದೊಡ್ಡದು, ಹಸಿರು.
ಒತ್ತಿದರೆ ಒಳಗಿಳಿಯುತ್ತದೆ, ಬಿಟ್ಟರೆ ಮೇಲೇಳುತ್ತದೆ,
ಎಣಿಕೆ ಸೊನ್ನೆ ಬಿಟ್ಟು ಕದಲುವುದಿಲ್ಲ.
ಹೊನ್ನೂರಬಿ ನಕ್ಕಳು:
"ಗುಂಡಿ ಹಚ್ಚೀದಿ, ಕಾಜ ಹೊಡದಿಲ್ಲಲ್ಲೇ ಹುಡುಗಿ.
ಬರೇ ಗುಂಡಿ ಏನ್ ಹಿಡೀತೈತಿ?"
ಹೌದಲ್ಲ.
ಒತ್ತಿದಾಗ ಯಾರನ್ನು ಕರೆಯಬೇಕು ಅಂತ
ನಾನು ಹೇಳಿಯೇ ಇರಲಿಲ್ಲ.
ಎರಡು ಸಾಲಿನ ಕಾಜ ಹೊಡೆದೆ.
ಒಂದು. ಎರಡು. ಮೂರು.
ಓವರ್‌ಲಾಕಿನ ಹುಡುಗರು ಕಾಲು ತೆಗೆದು ನೋಡಿದರು.

ಯಜಮಾನರು ಎರ್ರಿಸ್ವಾಮಿ, ಮರುವಾರ ಹತ್ತಿರ ಬಂದು ಮೆಲ್ಲಗೆ,
"ಕಳಿಯೋ ಗುಂಡೀನೂ ಒಂದಿರ್ಲಿ. ಸಣ್ಣದು, ಮೂಲ್ಯಾಗ.
ಡ್ಯಾಮೇಜು ಅಂತ ಇರ್ತಾವಲ್ಲ."
ಸಂಬಳ ಅವರದು. ಇಟ್ಟೆ.
ಮೂಲೆಯಲ್ಲೇ ಇಟ್ಟೆ, ಸಣ್ಣದೇ ಇಟ್ಟೆ.
ಒತ್ತಿದರೆ ಮಾತ್ರ ಪರದೆಯೆಲ್ಲ ಕೆಂಪಾಗಿ
ಟಣ್ ಅಂತ ಸದ್ದು, ಹನ್ನೊಂದು ಮಷೀನಿಗೂ ಕೇಳುವಷ್ಟು.
ಅದು ನನ್ನ ಸ್ವಂತ ಸಾಲು, ಯಾವ ಪಾಠದಲ್ಲೂ ಇರಲಿಲ್ಲ.
ಒಮ್ಮೆ ಒತ್ತಿದರು.
ಮತ್ತೆ ಒತ್ತಿಲ್ಲ.

ಶುಕ್ರವಾರ ನಾಲ್ಕಕ್ಕೆ ಕರೆಂಟು ಹೋಯಿತು.
ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು.
ಬಂದಾಗ ಕಿಟಕಿ ಬೆಳ್ಳಗೆ ತೆರೆದು ಕೂತಿದೆ: ಸೊನ್ನೆ.
ಕಾಯುವುದನ್ನು ಕಲಿಸಿದ್ದೆ,
ನೆನಪಿಡುವುದನ್ನು ಕಲಿಸಿರಲಿಲ್ಲ.
ಬೆಳಿಗ್ಗೆಯಿಂದ ಬಗ್ಗಿದ ಒಂದು ಬೆನ್ನು
ನನ್ನ ಕೈಯಲ್ಲಿ ಏನೂ ಇಲ್ಲದಂತಾಯಿತು.

ಹೊನ್ನೂರಬಿ ಏನೂ ಅನ್ನಲಿಲ್ಲ.
ಸೆರಗಿನ ಗಂಟು ಬಿಚ್ಚಿದಳು,
ಜೀನ್ಸಿಗೆ ಹಾಕುವ ಹಳದಿ ದಾರದ ತುಂಡುಗಳು,
ಹತ್ತಕ್ಕೊಂದರಂತೆ ಹದಿನೇಳು.
ಬಿಡಿ ಆರು ಬಾಯಲ್ಲಿತ್ತು.
"ನೂರಾ ಎಪ್ಪತ್ತಾರು. ಬರಕ.
ನಿನ್ ಡಬ್ಬಿ ಇನ್ನಾ ಕೂಸು."

ಆ ರಾತ್ರಿ ಒಂದು ಫೈಲು ಮಾಡಿದೆ,
ಪ್ರತಿ ಒತ್ತಿಗೂ ಅದರಲ್ಲೊಂದು ಗುರುತು ಬೀಳುವಂತೆ.
ಮರುದಿನವೂ ಕರೆಂಟು ಹೋಯಿತು, ಬಂತು.
ಅರವತ್ತಮೂರು ಅಲ್ಲೇ ಇತ್ತು, ಎದ್ದು ಹೋಗದೆ.
ಹೊನ್ನೂರಬಿ ಪರದೆ ನೋಡಿದಳು, ನನ್ನನ್ನು ನೋಡಿದಳು,
ಎಣ್ಣೆ ಮೆತ್ತಿದ ಬೆರಳಿನಿಂದ ತಾನೇ ಒತ್ತಿದಳು:
ಅರವತ್ತನಾಲ್ಕು.

ಎಪ್ಪತ್ತಾದಾಗ ನಾನು ಓರೆಗಣ್ಣಲ್ಲಿ ಗಮನಿಸಿದೆ.
ಹಲ್ಲಿನಿಂದ ಹಳದಿ ದಾರ ಕಡಿದು
ಸೆರಗಿಗೆ ಕಟ್ಟಿಕೊಂಡಳು.